ನ್ಯೂಜಿಲೆಂಡಿನ ದಂಡೆಗೆ ಬಂದ ಮೊದಲ ಯೂರೋಪಿಯನ್ನರು: ಪದೇ ಪದೇ ಕೇಳುವ ಪ್ರಶ್ನೆಗಳು

ಓದಲು, ದುಡಿಯಲು, ಮಕ್ಕಳು ಮೊಮ್ಮಕ್ಕಳನ್ನು ನೋಡಿಬರಲು ನ್ಯೂಜಿಲೆಂಡಿಗೆ ಹೋಗುವ ಕನ್ನಡಿಗರು ಈಗ ಬೇಕಾದಷ್ಟಿದ್ದಾರೆ. ಅಲ್ಲಿ ಊರೂರಿಗೂ ಟಾಸ್ಮನ್, ಕುಕ್ ಹೆಸರಿನ ಕೊಲ್ಲಿ, ಬೆಟ್ಟ, ಬೀದಿಗಳು ಕಾಣುತ್ತವೆ. ಯಾರಿವರು, ಬಂದಾಗ ಏನು ನಡೆಯಿತು ಎಂಬುದಕ್ಕೆ ಕನ್ನಡದಲ್ಲಿ ಓದಲು ಸಿಗುವುದು ಕಡಿಮೆ. ಹಡಗಿನವರು ಬರೆದಿಟ್ಟದ್ದು ರಾಶಿ ಇದೆ. ದಂಡೆಯ ಮೇಲೆ ನಿಂತು ನೋಡಿದವರ ಮಾತು ಚೂರುಚೂರಾಗಿ ಉಳಿದಿದೆ. ಆ ಚೂರುಗಳಿಗೆ ಇಲ್ಲಿ ಬೇಕೆಂದೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ನ್ಯೂಜಿಲೆಂಡನ್ನು ಮೊದಲು ಕಂಡವರು ಯಾರು? ಟಾಸ್ಮನ್ನೋ, ಕುಕ್ಕೋ?

ಇಬ್ಬರೂ ಅಲ್ಲ. ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ಪೂರ್ವಜರು. ಶಾಂತಸಾಗರದ ಪೂರ್ವ ಪಾಲಿನೇಷ್ಯಾದ ದ್ವೀಪಗಳಿಂದ ದೊಡ್ಡ ಹಾಯಿದೋಣಿಗಳಲ್ಲಿ ಹೊರಟು, ನಕ್ಷತ್ರ, ಅಲೆಗಳ ಓಟ, ಹಕ್ಕಿಗಳ ಹಾದಿ ಇವನ್ನೇ ನಂಬಿ, ಸುಮಾರು 1250ರಿಂದ 1300ರ ಹೊತ್ತಿಗೆ ಇಲ್ಲಿಗೆ ಬಂದು ನೆಲೆಸಿದರು. ಬರುವಾಗ ಗೆಣಸಿನ ಬೀಜಗಡ್ಡೆ ತಂದರು, ನಾಯಿ ತಂದರು. ಯೂರೋಪಿನ ಮೊದಲ ಹಡಗು ಕಾಣಿಸುವ ಹೊತ್ತಿಗೆ ಅವರು ಇಲ್ಲಿ ಮುನ್ನೂರಕ್ಕೂ ಹೆಚ್ಚು ವರ್ಷ ಬಾಳಿದ್ದರು. ಒಂದೊಂದು ಕೊಲ್ಲಿಗೂ ಹೆಸರಿತ್ತು, ಅದನ್ನು ತಮ್ಮದೆನ್ನುವ ಕುಲವಿತ್ತು, ಯಾರು ಎಲ್ಲಿ ಮೀನು ಹಿಡಿಯಬಹುದು, ಎಲ್ಲಿ ಕೂಡದು ಎಂಬ ಕಟ್ಟಳೆಯಿತ್ತು. ಮುಂದೆ ನಡೆದ ಒಳ್ಳೆಯದು ಕೆಟ್ಟದ್ದೆಲ್ಲ ಅರ್ಥವಾಗಬೇಕಾದರೆ ಈ ಕಟ್ಟಳೆಗಳನ್ನು ನೆನಪಿನಲ್ಲಿಟ್ಟುಕೊಂಡೇ ಓದಬೇಕು.

ಟಾಸ್ಮನ್ ಅಷ್ಟು ದೂರ ಏನು ಹುಡುಕಿಕೊಂಡು ಬಂದ?

ವ್ಯಾಪಾರ. ಆಬೆಲ್ ಟಾಸ್ಮನ್ ಡಚ್ ಈಸ್ಟ್ ಇಂಡಿಯಾ ಕಂಪನಿಯ ನಾವಿಕ. ದಕ್ಷಿಣದಲ್ಲಿ ಎಲ್ಲೋ ಒಂದು ಮಹಾಖಂಡ ಇರಲೇಬೇಕು, ಅಲ್ಲಿ ಚಿನ್ನವೋ ಸಾಂಬಾರ ಪದಾರ್ಥವೋ ಸಿಗಬಹುದು ಎಂಬ ಲೆಕ್ಕಾಚಾರ ಕಂಪನಿಯದು. 1642ರ ಆಗಸ್ಟ್ 14ರಂದು ಬಟೇವಿಯಾ ಬಂದರಿನಿಂದ, ಅಂದರೆ ಇಂದಿನ ಜಕಾರ್ತಾದಿಂದ, ಹೀಮ್ಸ್‌ಕೆರ್ಕ್ ಮತ್ತು ಝೀಹಾನ್ ಎಂಬ ಎರಡು ಹಡಗುಗಳೊಂದಿಗೆ ಹೊರಟ. ಮಾರಿಷಸ್‌ಗೆ ಹೋಗಿ, ಅಲ್ಲಿಂದ ದಕ್ಷಿಣಕ್ಕಿಳಿದು, ಪೂರ್ವಕ್ಕೆ ತಿರುಗಿದ. ನವೆಂಬರ್ 24ರಂದು ಇಂದಿನ ಟಾಸ್ಮೇನಿಯಾ ಕಂಡಿತು. ತನ್ನನ್ನು ಕಳಿಸಿದ ಗವರ್ನರ್ ಜನರಲ್ ವಾನ್ ಡೀಮನ್‌ನ ಹೆಸರನ್ನೇ ಅದಕ್ಕಿಟ್ಟ. ಡಿಸೆಂಬರ್ 13ರಂದು ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಎತ್ತರದ ನೆಲ ಕಣ್ಣಿಗೆ ಬಿತ್ತು.

ಮೊಹುವಾ ಕೊಲ್ಲಿಯಲ್ಲಿ ನಿಜಕ್ಕೂ ಏನಾಯಿತು?

ಮೊಹುವಾ ಎಂದರೆ ಇಂದಿನ ಗೋಲ್ಡನ್ ಬೇ, ದಕ್ಷಿಣ ದ್ವೀಪದ ಉತ್ತರ ತುದಿಯಲ್ಲಿದೆ. ಡಿಸೆಂಬರ್ 18ರ ಸಂಜೆ ಎರಡೂ ಹಡಗುಗಳು ಅಲ್ಲಿ ಲಂಗರು ಹಾಕಿದವು. ಆ ದಂಡೆ ಙಾತಿ ತೂಮಾಟಕೋಕಿರಿ ಕುಲದವರದು. ಕತ್ತಲಾಗುವ ಹೊತ್ತಿಗೆ ಎರಡು ದೋಣಿಗಳು ಹಡಗಿನತ್ತ ಬಂದವು. ದೋಣಿಯವರು ಗಟ್ಟಿ ದನಿಯಲ್ಲಿ ಕೂಗಿದರು, ಕಹಳೆಯಂಥ ವಾದ್ಯವೊಂದನ್ನು ಹಲವು ಬಾರಿ ಊದಿದರು. ಡಚ್ಚರಿಗೆ ಒಂದಕ್ಷರವೂ ತಿಳಿಯಲಿಲ್ಲ. ಸ್ನೇಹದ ಕರೆಯಿರಬೇಕು ಎಂದುಕೊಂಡು ತಮ್ಮ ನಾವಿಕರಿಂದಲೂ ತುತ್ತೂರಿ ಊದಿಸಿದರು.

ಮಾವೊರಿ ರೂಢಿಯಲ್ಲಿ ಅಪರಿಚಿತರು ಬಂದಾಗ ಹೀಗೆ ಊದಿ ಕೂಗುವುದು ಸವಾಲು. ಎದುರಿನವರು ತಿರುಗಿ ಊದಿದರೆ ಸವಾಲನ್ನು ಒಪ್ಪಿಕೊಂಡಂತೆ. ಎಂದಿನಂತೆ ಸೌಜನ್ಯ ತೋರಿದೆವೆಂದು ಹಡಗಿನವರು ಮಲಗಿರಬೇಕು. ದಂಡೆಯವರು ರಾತ್ರಿಯೆಲ್ಲ ಯುದ್ಧಕ್ಕೆ ಸಿದ್ಧವಾಗಿರಬೇಕು.

ಮರುದಿನ ಬೆಳಿಗ್ಗೆ ಇನ್ನಷ್ಟು ದೋಣಿಗಳು ಬಂದವು. ಒಂದು ಹಡಗಿನಿಂದ ಇನ್ನೊಂದಕ್ಕೆ ಹೋಗುತ್ತಿದ್ದ ಡಚ್ಚರ ಸಣ್ಣ ದೋಣಿಗೆ ಒಂದು ಮಾವೊರಿ ದೋಣಿ ವೇಗವಾಗಿ ಬಂದು ಗುದ್ದಿತು. ನಾಲ್ವರು ಡಚ್ ನಾವಿಕರು ಸತ್ತರು, ಉಳಿದ ಮೂವರು ಈಜಿ ಪಾರಾದರು. ಟಾಸ್ಮನ್ ಲಂಗರು ಎತ್ತಿಸಿದ. ಹೊರಡುವಾಗ ಹನ್ನೊಂದು ದೋಣಿಗಳು ಮತ್ತೆ ಹತ್ತಿರ ಬಂದವು. ಡಚ್ಚರು ಗುಂಡು ಹಾರಿಸಿದರು. ಮುಂದಿನ ದೋಣಿಯಲ್ಲಿ ಬಿಳಿಯ ಸಣ್ಣ ಬಾವುಟದಂಥದ್ದನ್ನು ಹಿಡಿದು ನಿಂತಿದ್ದವನು ಗುಂಡು ತಗುಲಿ ಬಿದ್ದ. ಆ ಕೊಲ್ಲಿಗೆ ಟಾಸ್ಮನ್ ಇಟ್ಟ ಹೆಸರು ‘ಕೊಲೆಗಾರರ ಕೊಲ್ಲಿ’. ನೂರಾರು ವರ್ಷ ನಕಾಶೆಗಳಲ್ಲಿ ಅದೇ ಹೆಸರಿತ್ತು.

ದಾಳಿಗೆ ಬೇರೆ ಕಾರಣಗಳನ್ನೂ ಹೇಳುತ್ತಾರೆ. ಅದು ಗೆಣಸಿನ ತೋಟಗಳನ್ನು ಕಾಯಬೇಕಾದ ಕಾಲ. ಹಡಗುಗಳು ನಿಂತದ್ದು ಆ ತೋಟಗಳ ಎದುರಿಗೇ. ನನಗೆ ತುಂಬ ನೋವು ಕೊಡುವ ಸಂಗತಿ ಬೇರೆಯದು. ಙಾತಿ ತೂಮಾಟಕೋಕಿರಿ ಕುಲವನ್ನು ಸುತ್ತಲಿನ ಬೇರೆ ಕುಲಗಳು ಸುಮಾರು 1800ರ ಹೊತ್ತಿಗೆ ಸೋಲಿಸಿ ಚದುರಿಸಿಬಿಟ್ಟವು. ಅವರ ಬಾಯಿಂದ ಆ ಎರಡು ದಿನಗಳ ಕಥೆಯನ್ನು ಯಾರಾದರೂ ಬರೆದುಕೊಳ್ಳುವ ಮೊದಲೇ ಹೇಳುವವರು ಇಲ್ಲವಾದರು. ಹೀಗಾಗಿ ಇಂದು ನಮ್ಮ ಕೈಯಲ್ಲಿರುವುದು ಡಚ್ಚರ ದಿನಚರಿ, ಹಡಗಿನಲ್ಲಿದ್ದ ಈಸಾಕ್ ಗಿಲ್ಸೆಮನ್ಸ್ ಎಂಬಾತ ಬರೆದ ಚಿತ್ರ, ಅಷ್ಟೇ.

ಟಾಸ್ಮನ್ ನೆಲಕ್ಕೆ ಕಾಲಿಟ್ಟನೇ?

ಇಲ್ಲ. ಉತ್ತರ ದ್ವೀಪದ ಪಶ್ಚಿಮ ತೀರವನ್ನು ಹಿಡಿದು ಮೇಲೆ ಹೋದ. 1643ರ ಜನವರಿಯ ಮೊದಲ ವಾರ ಅದರ ಉತ್ತರ ತುದಿಯಾಚೆಯ ಮನಾವತಾಫಿ ದ್ವೀಪಗಳ ಬಳಿ ನೀರು ತುಂಬಿಕೊಳ್ಳಲು ನೋಡಿದ, ಅಲೆ ಬಿಡಲಿಲ್ಲ. ಗುಡ್ಡದ ಮೇಲೆ ಕೋಲು ಹಿಡಿದ ಎತ್ತರದ ಆಳುಗಳು ಕಂಡರು. ಅಲ್ಲಿಂದ ಟೊಂಗಾ ಕಡೆಗೆ ಹೊರಟುಹೋದ.

ನ್ಯೂಜಿಲೆಂಡ್ ಎಂಬ ಹೆಸರು ಎಲ್ಲಿಂದ ಬಂತು?

ಟಾಸ್ಮನ್ ಇಟ್ಟದ್ದಲ್ಲ. ಅವನು ಇದನ್ನು ‘ಸ್ಟಾಟನ್ ಲಾಂಟ್’ ಎಂದು ಕರೆದ. ದಕ್ಷಿಣ ಅಮೆರಿಕದ ತುದಿಯ ಹತ್ತಿರ ಅದೇ ಹೆಸರಿನ ನೆಲವೊಂದಿತ್ತು, ಇದು ಅದರ ಇನ್ನೊಂದು ತುದಿಯೇ ಇರಬಹುದು ಎಂದು ಅವನ ಊಹೆ. 1643ರಲ್ಲಿ ಹೆಂಡ್ರಿಕ್ ಬ್ರೌವರ್ ಎಂಬ ಇನ್ನೊಬ್ಬ ಡಚ್ ನಾವಿಕ ಅಮೆರಿಕದ ಬಳಿಯದು ಬರೀ ಒಂದು ದ್ವೀಪ ಎಂದು ತೋರಿಸಿದ ಮೇಲೆ ಆ ಊಹೆ ಬಿದ್ದುಹೋಯಿತು. ಬಳಿಕ ನಕಾಶೆ ಬರೆಯುವವರು ಹಾಲೆಂಡಿನ ಝೀಲ್ಯಾಂಡ್ ಪ್ರಾಂತದ ಹೆಸರು ಕೊಟ್ಟರು. ಮಾವೊರಿ ಭಾಷೆಯಲ್ಲಿ ಇಂದು ದೇಶವನ್ನು ಆವೊಟೆಆರೊವಾ ಎನ್ನುತ್ತಾರೆ.

ಟಾಸ್ಮನ್ ಆದ ಮೇಲೆ 127 ವರ್ಷ ಯಾರೂ ಏಕೆ ಬರಲಿಲ್ಲ?

ಕಂಪನಿಗೆ ಲಾಭ ಕಾಣಲಿಲ್ಲ. ಚಿನ್ನವಿಲ್ಲ, ಮೆಣಸಿಲ್ಲ, ಲವಂಗವಿಲ್ಲ, ಕೊಳ್ಳುವವರಿಲ್ಲ, ಮೇಲಿಂದ ನಾಲ್ವರು ಸತ್ತಿದ್ದರು. ಟಾಸ್ಮನ್ ಸರಿಯಾಗಿ ಹುಡುಕಲಿಲ್ಲ ಎಂದು ಬಟೇವಿಯಾದ ಅಧಿಕಾರಿಗಳು ಬೇಸರಪಟ್ಟುಕೊಂಡರು. ಅವನ ನಕಾಶೆಯಲ್ಲಿ ಪಶ್ಚಿಮ ತೀರದ ಒಂದು ಮುರುಕು ಗೆರೆ ಮಾತ್ರ ಇತ್ತು. ಅದು ಹಾಗೇ ಉಳಿಯಿತು.

ಕುಕ್ ಬಂದದ್ದು ಶುಕ್ರಗ್ರಹ ನೋಡಲು ಎನ್ನುತ್ತಾರಲ್ಲ?

ಅರ್ಧ ನಿಜ. 1769ರ ಜೂನ್ 3ರಂದು ಶುಕ್ರ ಸೂರ್ಯನ ಮುಂದೆ ಹಾದುಹೋಗುವುದನ್ನು ಶಾಂತಸಾಗರದ ತಹಿತಿ ದ್ವೀಪದಿಂದ ಅಳೆಯಬೇಕಿತ್ತು. ಅದರಿಂದ ಸೂರ್ಯನ ದೂರ ಲೆಕ್ಕ ಹಾಕಬಹುದೆಂದು ವಿಜ್ಞಾನಿಗಳ ಆಸೆ. ಎಂಡೆವರ್ ಹಡಗು 1768ರ ಆಗಸ್ಟ್ 26ರಂದು ಪ್ಲಿಮತ್ ಬಿಟ್ಟದ್ದು ಅದಕ್ಕೇ. ಆದರೆ ಹಡಗಿನ ನಾಯಕ ಜೇಮ್ಸ್ ಕುಕ್‌ನ ಬಳಿ ಬ್ರಿಟಿಷ್ ನೌಕಾಪಡೆಯ ಗುಪ್ತ ಆದೇಶವೂ ಇತ್ತು: ತಹಿತಿಯ ಕೆಲಸ ಮುಗಿದ ಮೇಲೆ ದಕ್ಷಿಣಕ್ಕೆ ಹೋಗಿ ಆ ಮಹಾಖಂಡವನ್ನು ಹುಡುಕು, ಸಿಗದಿದ್ದರೆ ಪಶ್ಚಿಮಕ್ಕೆ ತಿರುಗಿ ಟಾಸ್ಮನ್ ಕಂಡ ನೆಲವನ್ನು ಪರೀಕ್ಷಿಸು. ಅಲ್ಲಿನ ಜನರ ಒಪ್ಪಿಗೆ ಪಡೆದು ಅನುಕೂಲದ ಜಾಗಗಳನ್ನು ದೊರೆಯ ಹೆಸರಿಗೆ ವಶಪಡಿಸಿಕೋ ಎಂಬ ಮಾತೂ ಅದರಲ್ಲಿತ್ತು. ‘ಒಪ್ಪಿಗೆ ಪಡೆದು’ ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕುಕ್ ಬಂದಿಳಿದ ದಿನ ಜನ ಏಕೆ ಸತ್ತರು?

ಈ ಪ್ರಶ್ನೆಗೆ ನಿಧಾನವಾಗಿ ಉತ್ತರಿಸಬೇಕು. 1769ರ ಅಕ್ಟೋಬರ್ ಮೊದಲ ವಾರ ನಿಕೊಲಸ್ ಯಂಗ್ ಎಂಬ ಹುಡುಗ ಕೂವೆಮರದ ತುದಿಯಿಂದ ನೆಲ ಕಂಡ. ಅಕ್ಟೋಬರ್ 8ರ ಮಧ್ಯಾಹ್ನ ಹಡಗು ತೂರಂಗನುಯಿ-ಆ-ಕಿವಾ ಎಂಬಲ್ಲಿ ನಿಂತಿತು. ಇಂದಿನ ಗಿಸ್ಬೋರ್ನ್ ಪಟ್ಟಣ ಇರುವುದು ಅಲ್ಲೇ. ಕುಕ್ ಮತ್ತು ಕೆಲವರು ನದಿ ದಾಟಿ ಗುಡಿಸಲುಗಳತ್ತ ನಡೆದರು, ನಾಲ್ವರು ಹುಡುಗರು ದೋಣಿ ಕಾಯುತ್ತಿದ್ದರು. ಕಾಡಿನ ಅಂಚಿನಿಂದ ನಾಲ್ವರು ಮಾವೊರಿಗಳು ಆಯುಧ ಹಿಡಿದು ಹೊರಬಂದರು. ಇನ್ನೊಂದು ದೋಣಿಯಲ್ಲಿದ್ದವನು ಮೊದಲು ಗಾಳಿಯಲ್ಲಿ ಗುಂಡು ಹಾರಿಸಿದ, ಆಮೇಲೆ ಮುಂದೆ ಬಂದವನಿಗೇ ಹೊಡೆದ. ಸತ್ತವನು ಙಾತಿ ಒನೆಒನೆ ಕುಲದ ಮುಖಂಡ ತೆ ಮರೋ. ಹೊಸಬರು ಬಂದಾಗ ಆಯುಧ ಹಿಡಿದು ಎದುರು ಬರುವುದು ಮಾವೊರಿಗಳಲ್ಲಿ ಸ್ವಾಗತದ ಮೊದಲ ಹಂತ. ತೆ ಮರೋ ಮಾಡಲು ಹೊರಟಿದ್ದು ಅದನ್ನೇ ಎಂದು ಅವನ ವಂಶಸ್ಥರು ಹೇಳುತ್ತಾರೆ.

ಮರುದಿನ ಬೆಳಿಗ್ಗೆ ನದಿಯ ಆಚೆ ದಡದಲ್ಲಿ ಹತ್ತಾರು ಯೋಧರು ಸೇರಿ ಹಾಕಾ ಎಂಬ ಯುದ್ಧಕುಣಿತ ಕುಣಿದರು. ಕುಕ್ ಜೊತೆ ತಹಿತಿಯಿಂದ ಬಂದಿದ್ದ ತುಪಾಯ ಎಂಬ ಅರ್ಚಕ ತನ್ನ ಭಾಷೆಯಲ್ಲಿ ಕೂಗಿ ಮಾತನಾಡಿಸಿದ. ಅವರಿಗೆ ಅರ್ಥವಾಯಿತು! ಸಾವಿರಾರು ಕಿಲೋಮೀಟರ್ ಸಮುದ್ರ, ಹಲವು ಶತಮಾನಗಳ ಅಗಲಿಕೆ, ಆದರೂ ಮಾತು ಹೊಂದಿತು. ನದಿಯ ನಡುವೆ ತೆ ತೋಕ-ಆ-ತಾಯಾವು ಎಂಬ ಬಂಡೆಯಿತ್ತು. ಎರಡು ಕುಲಗಳ ಗಡಿ ಗುರುತಿಸುವ ಪವಿತ್ರ ಬಂಡೆ ಅದು. ಒಬ್ಬ ಮಾವೊರಿ ಈಜಿ ಅದರ ಮೇಲೆ ಬಂದು ನಿಂತ. ಕುಕ್ ಬಂದೂಕು ಕೆಳಗಿಟ್ಟು ಹೋಗಿ ಅವನೊಂದಿಗೆ ಮೂಗಿಗೆ ಮೂಗು ತಾಗಿಸಿದ. ಬಂದರು ಕೆಲಸಕ್ಕೆ ಅಡ್ಡ ಎಂದು 1877ರಲ್ಲಿ ಆ ಬಂಡೆಯನ್ನು ಸಿಡಿಮದ್ದಿಟ್ಟು ಒಡೆದುಬಿಟ್ಟರು.

ಆ ಸ್ನೇಹ ಗಳಿಗೆಹೊತ್ತೂ ಉಳಿಯಲಿಲ್ಲ. ರೊಂಗೊವಾಕಾಟ ಕುಲದ ತೆ ರಾಕಾವು ಎಂಬಾತ ಖಗೋಳಜ್ಞ ಚಾರ್ಲ್ಸ್ ಗ್ರೀನ್‌ನ ಕತ್ತಿಯನ್ನು ಕಿತ್ತುಕೊಂಡ. ಅವನನ್ನು ಗುಂಡಿಟ್ಟು ಕೊಂದರು. ಅದೇ ದಿನ ಮಧ್ಯಾಹ್ನ ಕುಕ್ ಇನ್ನೂ ದೊಡ್ಡ ತಪ್ಪು ಮಾಡಿದ: ಮೀನು ಹಿಡಿದು ಬರುತ್ತಿದ್ದ ದೋಣಿಯೊಂದನ್ನು ಅಡ್ಡಗಟ್ಟಿ, ಒಳಗಿದ್ದವರನ್ನು ಹಿಡಿತಂದು ಒಳ್ಳೆಯ ಉಪಚಾರ ಮಾಡಿ ಸ್ನೇಹ ಗಳಿಸಬೇಕೆಂದುಕೊಂಡ. ಅವರು ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದು ಪ್ರತಿಭಟಿಸಿದರು. ಮತ್ತೆ ಗುಂಡು, ಮತ್ತೆ ಸಾವು. ಮೂವರು ಹುಡುಗರನ್ನು ಹಡಗಿಗೆ ಎತ್ತಿಕೊಂಡು ಬಂದು ಮರುದಿನ ಬಿಟ್ಟರು. ಸತ್ತವರು, ಗಾಯಗೊಂಡವರು ಸೇರಿ ಒಂಬತ್ತು ಮಾವೊರಿಗಳು. ನನ್ನ ಬಾಳಿನಲ್ಲೇ ಇಷ್ಟು ಅಹಿತಕರ ದಿನವನ್ನು ಕಂಡಿಲ್ಲ ಎಂಬರ್ಥದಲ್ಲಿ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸ್ ಆ ರಾತ್ರಿ ಬರೆದುಕೊಂಡ. ಬೇಕಾದ್ದೇನೂ ಸಿಗಲಿಲ್ಲ ಎಂದು ಕುಕ್ ಆ ಜಾಗಕ್ಕೆ ‘ಬಡತನದ ಕೊಲ್ಲಿ’ ಎಂದು ಹೆಸರಿಟ್ಟ. ಫಲವತ್ತಾದ ಆ ಬಯಲಿಗೆ ಇದಕ್ಕಿಂತ ಹೊಂದದ ಹೆಸರು ಇರಲಾರದು.

ತುಪಾಯ ಯಾರು? ಶಾಲೆಯ ಪುಸ್ತಕಗಳಲ್ಲಿ ಅವನ ಹೆಸರು ಕಾಣುವುದೇ ಇಲ್ಲ.

ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ಹತ್ತಿರದ ಮನುಷ್ಯ ಅವನೇ. ತಹಿತಿಗೆ ವಾಯವ್ಯದಲ್ಲಿರುವ ರಾಯಾತೇಯಾ ದ್ವೀಪದಲ್ಲಿ ಹುಟ್ಟಿದವನು. ಅರ್ಚಕ, ವಂಶಾವಳಿ ಬಲ್ಲವನು, ನಕ್ಷತ್ರ ನೋಡಿ ಹಡಗು ನಡೆಸುವವನು. ಬ್ಯಾಂಕ್ಸ್‌ನ ಒತ್ತಾಯದಿಂದ ಎಂಡೆವರ್ ಹತ್ತಿದ. ತಾಯಾತ ಎಂಬ ಹುಡುಗನೂ ಜೊತೆಗಿದ್ದ. ಪಾಲಿನೇಷ್ಯಾದ ಹತ್ತಾರು ದ್ವೀಪಗಳನ್ನು ನೆನಪಿನಿಂದಲೇ ಹೇಳಿ ಕುಕ್‌ಗೆ ಒಂದು ನಕಾಶೆಯನ್ನೂ ಮಾಡಿಕೊಟ್ಟ.

ಮಾವೊರಿಗಳ ಕಣ್ಣಿಗೆ ಆ ಹಡಗಿನ ದೊಡ್ಡ ಮನುಷ್ಯ ಕುಕ್ ಅಲ್ಲ, ತುಪಾಯ. ತಮ್ಮ ಹಿರಿಯರು ಬಿಟ್ಟುಬಂದ ಹವಾಯಿಕಿಯಿಂದ ಬಂದವನು, ತಮ್ಮ ದೇವರುಗಳ ಹೆಸರು ಬಲ್ಲವನು. ಗಿಸ್ಬೋರ್ನ್‌ಗೆ ಉತ್ತರದ ಊವಾವಾ ಕೊಲ್ಲಿಯಲ್ಲಿ ಅಲ್ಲಿನ ಪುರೋಹಿತರೊಂದಿಗೆ ಸೃಷ್ಟಿಕಥೆ, ದೇವತೆಗಳ ಬಗ್ಗೆ ಅವನು ಗಂಟೆಗಟ್ಟಲೆ ಮಾತನಾಡಿದ. ಆ ಊರಿನವರು ತಮ್ಮ ಮಕ್ಕಳಿಗೆ ಅವನ ಹೆಸರಿಟ್ಟರು.

ಎಲ್ಲೆಲ್ಲಿ ತುಪಾಯ ಮುಂದೆ ನಿಂತು ಮಾತನಾಡಿದನೋ ಅಲ್ಲಿ ಹೆಚ್ಚುಕಡಿಮೆ ಶಾಂತಿಯಿತ್ತು ಎಂಬುದನ್ನು ಗಮನಿಸಿ. ಅವನಿಗಿಂತ ಮೊದಲು ಬಂದ ಟಾಸ್ಮನ್, ಅವನಿಲ್ಲದೆ ಬಂದ ಫ್ರೆಂಚರು, ಅವನಿಲ್ಲದ ಕುಕ್‌ನ ಎರಡನೇ ಯಾನದವರು ಎಲ್ಲರೂ ರಕ್ತ ಹರಿಸಿದರು. ಧೈರ್ಯ, ಒಳ್ಳೆಯ ಉದ್ದೇಶ ಹಲವರಲ್ಲಿತ್ತು. ಇಲ್ಲದೆ ಹೋದದ್ದು ‘ಇಲ್ಲಿನ ಪದ್ಧತಿಯೇನು’ ಎಂದು ಕೇಳಿ ತಿಳಿಯುವ ದಾರಿ.

ಮಾವೊರಿಯೊಬ್ಬ ಲಾಬ್‌ಸ್ಟರ್ ಕೊಟ್ಟು ಇಂಗ್ಲಿಷ್ ಅಧಿಕಾರಿಯಿಂದ ಬಟ್ಟೆ ಪಡೆಯುವ ಒಂದು ಪುಟ್ಟ ಚಿತ್ರ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಹಡಗಿನ ಯಾರೋ ಬರೆದದ್ದು ಎಂದೇ ಬಹುಕಾಲ ನಂಬಿದ್ದರು. ಬ್ಯಾಂಕ್ಸ್‌ನ ಹಳೆಯ ಪತ್ರವೊಂದರಿಂದ 1997ರಲ್ಲಿ ಗೊತ್ತಾಯಿತು, ಅದನ್ನು ಬರೆದವನು ತುಪಾಯ. 1770ರ ಡಿಸೆಂಬರ್‌ನಲ್ಲಿ, ಇಂಗ್ಲೆಂಡ್ ತಲುಪುವ ಮೊದಲೇ, ಬಟೇವಿಯಾದಲ್ಲಿ ಕಾಯಿಲೆ ಬಿದ್ದು ಅವನೂ ತಾಯಾತನೂ ತೀರಿಕೊಂಡರು. 1773ರಲ್ಲಿ ಕುಕ್ ಮತ್ತೆ ಬಂದಾಗ ಮಾವೊರಿಗಳು ಮೊದಲು ಕೇಳಿದ್ದು ತುಪಾಯ ಎಲ್ಲಿ ಎಂದು. ಸತ್ತ ಸುದ್ದಿ ಕೇಳಿ ಅತ್ತರು.

ಮಾವೊರಿಗಳು ಈ ಹಡಗುಗಳನ್ನು ನೋಡಿ ಏನೆಂದುಕೊಂಡರು?

ಒಂದು ಅಪರೂಪದ ಸಾಕ್ಷಿ ಇದೆ. ಕುಕ್ 1769ರ ನವೆಂಬರ್‌ನಲ್ಲಿ ಬುಧ ಸೂರ್ಯನ ಮುಂದೆ ಹಾಯುವುದನ್ನು ನೋಡಲು ಉತ್ತರ ದ್ವೀಪದ ಫಿತಿಯಾಂಗದಲ್ಲಿ ತಂಗಿದ್ದಾಗ ತೆ ಹೊರೆತ ಎಂಬ ಪುಟ್ಟ ಹುಡುಗ ಅಲ್ಲಿದ್ದ. ಮುಂದೆ ಅವನು ಙಾತಿ ಫನಾವುಂಗ ಕುಲದ ಹೆಸರಾಂತ ಮುಖಂಡನಾದ. ಮುದಿವಯಸ್ಸಿನಲ್ಲಿ, 1850ರ ಸುಮಾರಿಗೆ, ಆ ದಿನಗಳ ನೆನಪನ್ನು ಹೇಳಿ ಬರೆಸಿದ. ದೋಣಿಯವರು ಬೆನ್ನು ಹಾಕಿಕೊಂಡು ಹುಟ್ಟುಹಾಕುತ್ತ ದಂಡೆಗೆ ಬಂದದ್ದನ್ನು ನೋಡಿ ಹಿರಿಯರು, ‘ಇವರಿಗೆ ಹಿಂದಲೆಯಲ್ಲಿ ಕಣ್ಣಿದೆ, ಇವರು ತುಪುವಾ’ ಎಂದರಂತೆ. ತುಪುವಾ ಎಂದರೆ ಮಾಯಾವಿಗಳು. ಮಾವೊರಿಗಳು ಮುಂದೆ ನೋಡುತ್ತ ಹುಟ್ಟುಹಾಕುವವರು. ಹಾಗಾಗಿ ಆ ತೀರ್ಮಾನ ಸಹಜವೇ. ಹೆಂಗಸರು ಮಕ್ಕಳು ಕಾಡಿಗೆ ಓಡಿದರು. ದಿನಗಳೆದಂತೆ ಭಯ ಇಳಿಯಿತು. ಹುಡುಗರು ಹಡಗು ಹತ್ತಿದರು. ಹಡಗಿನ ಮುಖ್ಯಸ್ಥ ಮಿತಭಾಷಿ. ತಮ್ಮ ತಲೆ ಸವರಿ, ತನಗೆ ಒಂದು ಮೊಳೆ ಕೊಟ್ಟ ಎಂದು ತೆ ಹೊರೆತ ಹೇಳಿದ್ದಾನೆ. ಆ ಮೊಳೆಯನ್ನು ಅವನು ಜೀವದಂತೆ ಕಾಪಾಡಿಕೊಂಡಿದ್ದ. ದೋಣಿ ಮಗುಚಿ ಅದು ಸಮುದ್ರಕ್ಕೆ ಬಿದ್ದಾಗ ಮುಳುಗಿ ಹುಡುಕಿದರೂ ಸಿಗಲಿಲ್ಲವಂತೆ. ಕಬ್ಬಿಣವನ್ನೇ ಕಾಣದ ನಾಡಿನಲ್ಲಿ ಒಂದು ಮೊಳೆಯ ಬೆಲೆ ಅಷ್ಟಿತ್ತು.

ಎಲ್ಲ ಕಡೆಯೂ ಹೊಡೆದಾಟವೇ ಆಯಿತೇ?

ಇಲ್ಲ. ಊವಾವಾದಲ್ಲಿ ವಾರವಿಡೀ ನೀರು, ಸೌದೆ, ಗೆಣಸು, ಮೀನು ಸಿಕ್ಕವು. ತಾಜಾ ಸೊಪ್ಪು, ಹಣ್ಣು ಇಲ್ಲದೆ ನಾವಿಕರಿಗೆ ಬರುವ ಸ್ಕರ್ವಿ ಕಾಯಿಲೆ ತಗುಲದಂತೆ ತಿನ್ನುವ ಕಾಡು ಸೊಪ್ಪುಗಳೂ ಸಿಕ್ಕವು. ದಕ್ಷಿಣ ದ್ವೀಪದ ಉತ್ತರ ತುದಿಯ ಮೆರೆತೊತೋ ಎಂಬ ಕೊಲ್ಲಿ ಕುಕ್‌ಗೆ ಎಷ್ಟು ಹಿಡಿಸಿತೆಂದರೆ ಮೂರು ಯಾನಗಳಲ್ಲಿ ಐದು ಸಲ ಅಲ್ಲಿಗೆ ಬಂದ. ಕೊಡುಕೊಳ್ಳುವಿಕೆಯಲ್ಲಿ ಮಾವೊರಿಗಳಿಗೆ ಮೊದಮೊದಲು ಕಬ್ಬಿಣಕ್ಕಿಂತ ತಹಿತಿಯ ತೊಗಟೆ ಬಟ್ಟೆಯೇ ಹೆಚ್ಚು ಇಷ್ಟವಾಗಿತ್ತು.

ಕುಕ್ ಆ ನೆಲವನ್ನು ಬ್ರಿಟನ್ನಿಗೆ ಸೇರಿಸಿಕೊಂಡದ್ದಕ್ಕೆ ಅಲ್ಲಿನವರು ಒಪ್ಪಿದ್ದರೇ?

1770ರ ಜನವರಿ 31ರಂದು ಮೆರೆತೊತೋ ಎದುರಿನ ಮೊತುವಾರ ದ್ವೀಪದಲ್ಲಿ ಕುಕ್ ಒಂದು ಕಂಬ ನೆಟ್ಟ. ಅಲ್ಲಿನ ಒಬ್ಬ ಮುದುಕನಿಗೆ ತುಪಾಯನ ಮೂಲಕ ಹೇಳಿಸಿದ್ದು ಇಷ್ಟು: ನಾವು ಇಲ್ಲಿಗೆ ಬಂದಿದ್ದೆವು ಎಂದು ಮುಂದೆ ಬರುವ ಹಡಗುಗಳಿಗೆ ಗೊತ್ತಾಗಲು ಈ ಗುರುತು. ಮುದುಕ ಒಪ್ಪಿದ. ಅವನಿಗೆ ನಾಣ್ಯಗಳನ್ನೂ ದೊಡ್ಡ ಮೊಳೆಗಳನ್ನೂ ಕೊಟ್ಟರು. ಆಮೇಲೆ ಬಾವುಟ ಏರಿಸಿ, ರಾಜನ ಹೆಸರಿಗೆ ನೆಲವನ್ನು ಘೋಷಿಸಿ, ರಾಣಿಯ ಆರೋಗ್ಯಕ್ಕೆಂದು ವೈನ್ ಕುಡಿದು, ಖಾಲಿ ಬಾಟಲಿಯನ್ನು ಮುದುಕನ ಕೈಗಿತ್ತರು. ಅವನು ಖುಷಿಪಟ್ಟ ಎಂದು ಕುಕ್‌ನ ದಿನಚರಿ ಹೇಳುತ್ತದೆ. ಗುಪ್ತ ಆದೇಶದಲ್ಲಿದ್ದ ‘ಒಪ್ಪಿಗೆ’ಯನ್ನು ನೆನೆಯಿರಿ. ಮುದುಕ ಒಪ್ಪಿದ್ದು ಒಂದು ಗುರುತಿನ ಕಂಬಕ್ಕೆ. ದೇಶ ಬಿಟ್ಟುಕೊಡಲು ಅಲ್ಲ. ಬ್ರಿಟಿಷರು ಮಾವೊರಿ ಮುಖಂಡರೊಂದಿಗೆ ವೈತಾಂಗಿ ಒಪ್ಪಂದ ಮಾಡಿಕೊಂಡದ್ದು ಇದಾದ ಎಪ್ಪತ್ತು ವರ್ಷಗಳ ಮೇಲೆ, 1840ರ ಫೆಬ್ರವರಿ 6ರಂದು.

ಕುಕ್‌ನ ನಕಾಶೆ ಅಷ್ಟು ನಿಖರವೇ?

ಹೌದು, ಬೆರಗಾಗುವಷ್ಟು. ಆರು ತಿಂಗಳಲ್ಲಿ ಎರಡೂ ದ್ವೀಪಗಳನ್ನು ಸುತ್ತಿ, ಇದು ಮಹಾಖಂಡದ ತುಂಡಲ್ಲ ಎಂದು ತೋರಿಸಿ, 1770ರ ಮಾರ್ಚ್ 31ರಂದು ಹೊರಟ. ದೊಡ್ಡ ತಪ್ಪುಗಳು ಎರಡೇ: ಬ್ಯಾಂಕ್ಸ್ ಪರ್ಯಾಯದ್ವೀಪವನ್ನು ದ್ವೀಪ ಎಂದು ಬರೆದ, ಸ್ಟೂವರ್ಟ್ ದ್ವೀಪವನ್ನು ಮುಖ್ಯ ನೆಲಕ್ಕೆ ಅಂಟಿಸಿಬಿಟ್ಟ.

ಭಾರತಕ್ಕೂ ಈ ಕಥೆಗೂ ಸಂಬಂಧವಿದೆಯೇ?

ಇದೆ, ಗಟ್ಟಿಯಾಗಿಯೇ ಇದೆ. 1769ರ ಡಿಸೆಂಬರ್‌ನಲ್ಲಿ ಕುಕ್ ಉತ್ತರ ತುದಿಯನ್ನು ಬಿರುಗಾಳಿಯಲ್ಲಿ ಸುತ್ತುತ್ತಿದ್ದ ದಿನಗಳಲ್ಲೇ ಫ್ರೆಂಚರ ಸೇಂಟ್ ಜಾನ್ ಬಾಪ್ಟಿಸ್ಟ್ ಹಡಗು ಅಲ್ಲೇ ಹತ್ತಿರ ಹಾದುಹೋಯಿತು. ಒಬ್ಬರನ್ನೊಬ್ಬರು ಕಾಣಲಿಲ್ಲ. ಆ ಹಡಗು ಬಂಗಾಳದಲ್ಲಿ ಸಜ್ಜಾಗಿ, ಪಾಂಡಿಚೇರಿಯಿಂದ 1769ರ ಜೂನ್‌ನಲ್ಲಿ ಹೊರಟದ್ದು. ಹಣ ಹಾಕಿದವರಲ್ಲಿ ಪಾಂಡಿಚೇರಿಯ ಗವರ್ನರನೂ ಇದ್ದ. ನಾವಿಕರಲ್ಲಿ ಭಾರತದ ಖಲಾಸಿಗಳೂ ಇದ್ದರು. ನ್ಯೂಜಿಲೆಂಡಿನ ತೀರಕ್ಕೆ ಬಂದ ಮೊದಲ ಭಾರತೀಯರು ಇವರೇ ಎಂದು ಅಲ್ಲಿನ ಇತಿಹಾಸಕಾರರು ಲೆಕ್ಕ ಹಿಡಿಯುತ್ತಾರೆ.

ಹಡಗಿನ ಒಡೆಯ ಜಾನ್ ಡಿ ಸುರ್ವಿಲ್. ಸ್ಕರ್ವಿಯಿಂದ ಜನ ಸಾಲುಸಾಲಾಗಿ ಸಾಯುತ್ತಿದ್ದಾಗ ಇಂದಿನ ಡೌಟ್‌ಲೆಸ್ ಬೇಯಲ್ಲಿ ಲಂಗರು ಹಾಕಿದ. ಅಲ್ಲಿನ ಮಾವೊರಿಗಳು ಸೊಪ್ಪು, ಮೀನು, ನೀರು ಕೊಟ್ಟು ಬದುಕಿಸಿದರು. ಬಿರುಗಾಳಿ ಎದ್ದಾಗ ಹಡಗಿನ ಲಂಗರುಗಳು ಹೋದವು, ಒಂದು ಸಣ್ಣ ದೋಣಿ ಕಡಿದುಕೊಂಡು ದಡ ಸೇರಿತು. ಅದನ್ನು ಊರವರು ಎಳೆದುಕೊಂಡು ಹೋದರೆಂದು ಸುರ್ವಿಲ್ ಸಿಟ್ಟಿಗೆದ್ದು ಗುಡಿಸಲು ಸುಟ್ಟ, ರಂಗಿನುಯಿ ಎಂಬ ಮುಖಂಡನನ್ನು ಕಟ್ಟಿ ಹಡಗಿಗೆ ತಂದ. ದಡದಲ್ಲಿ ಸಿಕ್ಕಿಬಿದ್ದಿದ್ದ ರೋಗಿ ನಾವಿಕರಿಗೆ ಊಟ ಕೊಟ್ಟವನು ಇವನೇ ಎಂದು ಹಡಗಿನ ಅಧಿಕಾರಿಯೊಬ್ಬ ಗುರುತಿಸಿದರೂ ಬಿಡಲಿಲ್ಲ. 1770ರ ಮಾರ್ಚ್ 24ರಂದು, ದಕ್ಷಿಣ ಅಮೆರಿಕದ ಹತ್ತಿರ, ನಡುಸಮುದ್ರದಲ್ಲಿ ರಂಗಿನುಯಿ ಸತ್ತ. ಕೆಲವೇ ದಿನಗಳಲ್ಲಿ ಸುರ್ವಿಲ್ ಪೆರುವಿನ ಚಿಲ್ಕಾ ಬಳಿ ಅಲೆಗೆ ಸಿಕ್ಕಿ ಮುಳುಗಿದ.

ನ್ಯೂಜಿಲೆಂಡಿನಲ್ಲಿ ತಮಿಳು ಬರಹದ ಗಂಟೆ ಸಿಕ್ಕಿದ್ದು ನಿಜವೇ? ಹಾಗಾದರೆ ನಮ್ಮವರೇ ಮೊದಲು ಹೋಗಿದ್ದರೇ?

ಗಂಟೆ ನಿಜ. ಮಾವೊರಿಗಳು ಅದರಲ್ಲಿ ಆಲೂಗಡ್ಡೆ ಬೇಯಿಸುತ್ತಿದ್ದುದನ್ನು 1830ರ ದಶಕದಲ್ಲಿ ವಿಲಿಯಂ ಕೊಲೆನ್ಸೊ ಎಂಬ ಮಿಷನರಿ ಕಂಡ. ಮೊಹೈದೀನ್ ಬಕ್ಷ್ ಎಂಬವರ ಹಡಗಿನ ಗಂಟೆ ಎಂದು ಅದರ ಮೇಲಿನ ತಮಿಳು ಬರಹ. ಇಂದು ವೆಲಿಂಗ್ಟನ್ನಿನ ತೆ ಪಾಪಾ ಸಂಗ್ರಹಾಲಯದ ಸ್ವತ್ತು. ಆದರೆ ಒಂದು ಗಂಟೆ ಕೈಯಿಂದ ಕೈಗೆ, ಹಡಗಿನಿಂದ ಹಡಗಿಗೆ ಸಾಗಬಲ್ಲದು. ಅದನ್ನು ಹಿಡಿದುಕೊಂಡು ಟಾಸ್ಮನ್‌ಗಿಂತ ಮೊದಲೇ ತಮಿಳರು ಬಂದಿದ್ದರು ಎನ್ನಲು ಆಧಾರವಿಲ್ಲ. ವಾಟ್ಸಾಪಿನಲ್ಲಿ ಬರುವುದನ್ನು ಹಂಚುವ ಮೊದಲು ದಯವಿಟ್ಟು ಇದನ್ನು ನೆನಪಿಡಿ.

ಮರಿಯೋನ್ ಡು ಫ್ರೆನ್ ಎಂಬ ಫ್ರೆಂಚ್ ನಾಯಕನನ್ನು ಏಕೆ ಕೊಂದರು?

1772ರಲ್ಲಿ ಮರಿಯೋನ್ ಎರಡು ಹಡಗುಗಳೊಂದಿಗೆ ಉತ್ತರ ದ್ವೀಪದ ಬೇ ಆಫ್ ಐಲೆಂಡ್ಸ್‌ಗೆ ಬಂದ. ಐದು ವಾರ ಒಳ್ಳೆಯ ಸ್ನೇಹವಿತ್ತು. ರೋಗಿಗಳಿಗೆ ಬಿಡಾರ ಹಾಕಿದರು, ಕೂವೆಮರಕ್ಕೆ ಕೌರಿ ಮರ ಕಡಿದರು. ಆದರೆ ಮನಾವೊರಾ ಎಂಬಲ್ಲಿ ಮುಳುಗಿ ಸತ್ತವರ ಹೆಣಗಳು ತೇಲಿಬಂದಿದ್ದ ಒಂದು ದಂಡೆಗೆ ‘ತಪು’ ಹಾಕಿದ್ದರು, ಅಂದರೆ ಅಲ್ಲಿ ಮೀನು ಹಿಡಿಯಬಾರದು. ಸತ್ತವರ ದೇಹವನ್ನು ಮುಟ್ಟಿದ ನೀರಿನ ಮೀನನ್ನು ತಿನ್ನುವುದೆಂದರೆ ಆ ಜನಕ್ಕೆ ಸಹಿಸಲಾಗದ ಅಪಚಾರ. ಫ್ರೆಂಚರು ಬಲೆ ಬೀಸಿದ್ದು ಅಲ್ಲೇ. ಜೂನ್ 12ರಂದು ಮರಿಯೋನ್‌ನನ್ನೂ ಅವನ ಸುಮಾರು ಎರಡು ಡಜನ್ ಜನರನ್ನೂ ಕೊಂದರು. ಉಳಿದ ಫ್ರೆಂಚರು ಊರುಗಳನ್ನು ಸುಟ್ಟು, ಇನ್ನೂರೈವತ್ತರಷ್ಟು ಮಾವೊರಿಗಳನ್ನು ಕೊಂದು ಸೇಡು ತೀರಿಸಿಕೊಂಡರು. ಹಬ್ಬದೂಟ ಹಂಚಿಕೊಂಡ ಜನ, ಒಂದು ಮಾತು ಕೇಳಿ ತಿಳಿಯದೆ ಹೋದದ್ದಕ್ಕೆ ಇಷ್ಟು ಹೆಣ.

ನರಮಾಂಸ ತಿನ್ನುತ್ತಿದ್ದರು ಎಂಬುದು ಕಟ್ಟುಕಥೆಯೇ?

ಕಟ್ಟುಕಥೆಯಲ್ಲ, ಯುದ್ಧದಲ್ಲಿ ಶತ್ರುವಿಗೆ ಮಾಡುವ ಕೊನೆಯ ಅವಮಾನವಾಗಿ ಆ ಪದ್ಧತಿ ಇತ್ತು, ಮಾವೊರಿಗಳೂ ಮುಚ್ಚಿಡುವುದಿಲ್ಲ. 1773ರ ಡಿಸೆಂಬರ್ 17ರಂದು ಮೆರೆತೊತೋ ಹತ್ತಿರದ ಫರೆಹುಂಗಾ ಕೊಲ್ಲಿಯಲ್ಲಿ ಸೊಪ್ಪು ತರಲು ಹೋದ, ಕುಕ್‌ನ ಎರಡನೇ ಯಾನದ ಜೊತೆಹಡಗು ಅಡ್ವೆಂಚರ್‌ನ ಹತ್ತು ಜನ ಹಾಗೆ ಸತ್ತರು. 1777ರಲ್ಲಿ ಕುಕ್ ಮರಳಿ ಬಂದು ವಿಚಾರಿಸಿದ. ದಾಳಿಯ ಮುಂದಾಳು ಕಾಹುರ ತಾನೇ ಎದುರು ಬಂದು ಕೂತ. ಕಲ್ಲಿನ ಕೊಡಲಿ ಮಾರಲು ತಂದವನಿಗೆ ನಾವಿಕ ಕೊಡಲಿಯನ್ನೂ ಹಿಂದಿರುಗಿಸಲಿಲ್ಲ, ಬೆಲೆಯನ್ನೂ ಕೊಡಲಿಲ್ಲ, ಅದಕ್ಕೆ ಅವರ ರೊಟ್ಟಿ ಕಿತ್ತುಕೊಂಡೆವು, ಜಗಳ ಬೆಳೆಯಿತು ಎಂದ. ಅವನನ್ನು ಕೊಲ್ಲೆಂದು ಹಡಗಿನಲ್ಲಿದ್ದ ತಹಿತಿ ಕಡೆಯ ಒಮಾಯಿ ಒತ್ತಾಯಿಸಿದ. ಕುಕ್ ಕೊಲ್ಲಲಿಲ್ಲ, ಚಿತ್ರಕಾರ ಜಾನ್ ವೆಬರ್ ಕೈಯಲ್ಲಿ ಅವನ ಚಿತ್ರ ಬರೆಸಿದ. ಕುಕ್‌ನ ಇಡೀ ಬಾಳಿನಲ್ಲಿ ನಾನು ತುಂಬು ಗೌರವ ಕೊಡುವ ನಿರ್ಧಾರ ಇದು, ಅವನ ನಾವಿಕರಿಗೂ ಮಾವೊರಿಗಳಿಗೂ ಅದು ದೌರ್ಬಲ್ಯವೆಂದೇ ಕಂಡಿದ್ದರೂ.

ಮಾವೊರಿಗಳೂ ಹೊರಗೆ ಹೋಗಿ ನೋಡಿದ್ದರೇ?

ಹೋದರು, ಕೆಲವರನ್ನು ಎತ್ತಿಕೊಂಡೂ ಹೋದರು. 1793ರಲ್ಲಿ ತುಕಿ, ಹುರು ಎಂಬ ಇಬ್ಬರು ಯುವಕರನ್ನು ಬ್ರಿಟಿಷರು ತಮ್ಮ ಕೈದಿಗಳ ನೆಲೆಯಾಗಿದ್ದ ನಾರ್ಫೋಕ್ ದ್ವೀಪಕ್ಕೆ ಒಯ್ದರು. ಅಲ್ಲಿನ ಕೈದಿಗಳಿಗೆ ಹಾರಕೆಕೆ ಗಿಡದ ನಾರು ತೆಗೆಯುವುದನ್ನು ಕಲಿಸಲಿ ಎಂದು. ನಾರು ತೆಗೆಯುವುದು ಮಾವೊರಿಗಳಲ್ಲಿ ಹೆಂಗಸರ ಕೆಲಸ. ಇವರಿಗೆ ಹೆಚ್ಚೇನೂ ಗೊತ್ತಿರಲಿಲ್ಲ. ಆದರೆ ತುಕಿ ತನ್ನ ನಾಡಿನ ನಕಾಶೆ ಬರೆದ. ಕುಲಗಳು, ಊರುಗಳು, ಸತ್ತವರ ಆತ್ಮಗಳು ಉತ್ತರದ ತುದಿಗೆ ಹೋಗುವ ಹಾದಿ ಎಲ್ಲವೂ ಅದರಲ್ಲಿವೆ. ನಾರ್ಫೋಕ್‌ನ ಲೆಫ್ಟಿನೆಂಟ್ ಗವರ್ನರ್ ಫಿಲಿಪ್ ಕಿಂಗ್ ಅವರನ್ನು ಅದೇ ನವೆಂಬರ್‌ನಲ್ಲಿ ತಾನೇ ಊರಿಗೆ ಬಿಟ್ಟುಬಂದ, ಹಂದಿ ಮತ್ತು ಆಲೂಗಡ್ಡೆ ಬೀಜ ಕೊಟ್ಟು.

ವಾಸ್ಕೋ ಡ ಗಾಮ ನಮ್ಮ ಕರಾವಳಿಗೆ ಬಂದದ್ದೂ ಇಂಥದ್ದೇ ಅಲ್ಲವೇ?

ಬೇರೆಯದೇ. 1498ರಲ್ಲಿ ಗಾಮ ಬಂದದ್ದು ಅರಬರು, ಗುಜರಾತಿಗಳು ಶತಮಾನಗಳಿಂದ ವ್ಯಾಪಾರ ಮಾಡುತ್ತಿದ್ದ ಕಲ್ಲಿಕೋಟೆಗೆ. ದಾರಿ ತೋರಲು ಆಫ್ರಿಕಾದ ಮಾಲಿಂದಿಯಿಂದ ಒಬ್ಬ ನಾವಿಕ ಸಿಕ್ಕಿದ್ದ. ಮರಳುವಾಗ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಹಡಗು ರಿಪೇರಿ ಮಾಡಿಕೊ‌ಂಡ. ನಮ್ಮವರು ವಿದೇಶಿ ಹಡಗುಗಳನ್ನು ಅದಾಗಲೇ ಬೇಕಾದಷ್ಟು ನೋಡಿದ್ದರು. ಮೊಹುವಾದ ಜನ ನೋಡಿರಲಿಲ್ಲ.

ದಿನಾಂಕಗಳು ಒಂದೊಂದು ಪುಸ್ತಕದಲ್ಲಿ ಒಂದೊಂದು ರೀತಿ ಇವೆಯಲ್ಲ?

ಹಡಗಿನ ದಿನ ಮಧ್ಯರಾತ್ರಿಗಲ್ಲ, ಮಧ್ಯಾಹ್ನಕ್ಕೆ ಶುರುವಾಗುತ್ತಿತ್ತು. ಹಾಗಾಗಿ ಕುಕ್ ದಂಡೆಗಿಳಿದ ಅಕ್ಟೋಬರ್ 8ರ ಮಧ್ಯಾಹ್ನ ಹಡಗಿನ ಪುಸ್ತಕದಲ್ಲಿ 9 ಆಗಿದೆ. ನಾನು ಸಾಮಾನ್ಯ ದಿನಗಣನೆಯನ್ನೇ ಬಳಸಿದ್ದೇನೆ.

ಬ್ರಿಟನ್ ಕ್ಷಮೆ ಕೇಳಿದೆಯೇ?

ಕ್ಷಮೆಯಲ್ಲ, ವಿಷಾದ. 2019ರ ಅಕ್ಟೋಬರ್ 2ರಂದು, ಕುಕ್ ಬಂದು 250 ವರ್ಷವಾದ ಸಂದರ್ಭದಲ್ಲಿ, ಬ್ರಿಟಿಷ್ ಹೈಕಮಿಷನರ್ ಲಾರಾ ಕ್ಲಾರ್ಕ್ ಗಿಸ್ಬೋರ್ನ್‌ಗೆ ಹೋಗಿ ಆ ಸಾವುಗಳಿಗೆ ವಿಷಾದ ವ್ಯಕ್ತಪಡಿಸಿದರು. ಕೆಲವರಿಗೆ ಅದು ಸಾಲದು ಎನಿಸಿತು. ಎಂಡೆವರ್‌ನ ಪ್ರತಿಕೃತಿ ಹಡಗು ಅದೇ ವರ್ಷ ದೇಶ ಸುತ್ತಲು ಬಂದಾಗ ಮಂಗೊನುಯಿಯಲ್ಲಿ ಙಾತಿ ಕಹು ಕುಲದವರು ಬೇಡವೆಂದರು; ಅಲ್ಲಿನ ಭೇಟಿ ರದ್ದಾಯಿತು. ತೆ ಮರೋ ಸತ್ತ ದಂಡೆಯವರ ನೋವಿಗೆ ಇಷ್ಟಾದರೂ ಜಾಗ ಸಿಕ್ಕಿದ್ದು ಸರಿಯೇ ಎಂದು ನನ್ನ ಅಭಿಪ್ರಾಯ.

ಈ ಜಾಗಗಳನ್ನು ನೋಡಬೇಕೆಂದರೆ ಎಲ್ಲಿಗೆ ಹೋಗಬೇಕು?

ಗಿಸ್ಬೋರ್ನ್‌ನಲ್ಲಿ ಕುಕ್ ಇಳಿದ ಜಾಗ ಪುಹಿ ಕಾಯಿ ಇತಿ. ಮಾವೊರಿ ಕಥೆಯನ್ನೂ ಹೇಳುವಂತೆ ಅದನ್ನು 2019ರಲ್ಲಿ ಹೊಸದಾಗಿ ರೂಪಿಸಿದ್ದಾರೆ. ಮೆರೆತೊತೋಗೆ ಪಿಕ್ಟನ್‌ನಿಂದ ದೋಣಿಯಲ್ಲಿ ಹೋಗಬೇಕು. ಕ್ವೀನ್ ಶಾರ್ಲೆಟ್ ಕಾಲ್ದಾರಿ ಶುರುವಾಗುವುದೂ ಮೆರೆತೊತೋದಿಂದಲೇ. ಟಾಸ್ಮನ್ ಸ್ಮಾರಕ ಗೋಲ್ಡನ್ ಬೇಯ ತಾರಾಕೊಹೆ ಬಳಿ ಇದೆ. ಸುರ್ವಿಲ್ ಕಳೆದುಕೊಂಡ ಲಂಗರುಗಳನ್ನು 1974ರಲ್ಲಿ ಕೆಲ್ಲಿ ಟಾರ್ಲ್ಟನ್ ಎಂಬ ಮುಳುಗುಗಾರ ಪತ್ತೆ ಮಾಡಿದರು. ಅದರಲ್ಲೊಂದು ತೆ ಪಾಪಾದ ಪಾಲಾಯಿತು. ಹೊರದೇಶದ ಪ್ರವಾಸಿಗರಿಗೆ 2024ರ ಸೆಪ್ಟೆಂಬರ್‌ನಿಂದ ಅಲ್ಲಿ ಟಿಕೆಟ್ ಇದೆ, ನ್ಯೂಜಿಲೆಂಡಿನ ನಿವಾಸಿಗಳಿಗೆ ಉಚಿತ. ಅಲ್ಲೇ ನೆಲೆಸಿರುವ ಮಕ್ಕಳ ಮನೆಗೆ ಹೋದ ಅಪ್ಪ ಅಮ್ಮಂದಿರು ವಿಸಿಟರ್ ವೀಸಾದಲ್ಲಿದ್ದರೆ ಟಿಕೆಟ್ ಕೊಳ್ಳಬೇಕಾಗುತ್ತದೆ. ಎಲ್ಲಿಗೇ ಹೋಗಿ, ‘ತಪು’ ಎಂಬ ಫಲಕ ಕಂಡ ಕಡೆ ಒಳಗೆ ಕಾಲಿಡಬೇಡಿ, ಊಟದ ಡಬ್ಬಿ ಬಿಚ್ಚಬೇಡಿ. ಸಂದೇಹವಿದ್ದರೆ ಅಲ್ಲಿನವರನ್ನು ಕೇಳಿ, ಸಂತೋಷದಿಂದ ಹೇಳುತ್ತಾರೆ.